ಹಂಪಿಗೆ ಮೊದಲ ಸಲ ಹೊರಟಿದ್ದೀರಾ? ಬೆವರು ಕಾಣದ ಬಿಸಿಲಿನ ಬಗ್ಗೆ ಓದಿ ಹೊರಡಿ



ಏಪ್ರಿಲ್ ಮುಗಿಯುತ್ತಾ ಬಂದರೆ ನಮ್ಮ ಜೋಗೇಶ್ವರಿಯ ಕನ್ನಡದ ಮನೆಗಳಲ್ಲಿ ಒಂದೇ ಮಾತು: ಊರಿಗೆ ಯಾವಾಗ ಹೊರಡುವುದು? ಮಕ್ಕಳಿಗೆ ರಜೆ, ಊರಿನಲ್ಲಿ ಜಾತ್ರೆ, ಯಾರದೋ ಮದುವೆ. ಅದರ ಜೊತೆಗೆ ಈಗ ಹೊಸದೊಂದು ಆಸೆ ಸೇರಿಕೊಂಡಿದೆ. "ಹೇಗೂ ಅಷ್ಟು ದೂರ ಹೋಗ್ತೀವಿ, ಮಕ್ಕಳಿಗೆ ಒಂದು ಸಲ ಹಂಪಿ ತೋರಿಸಿಬಿಡೋಣ." ಒಳ್ಳೆಯದೇ. ಇಲ್ಲೇ ಹುಟ್ಟಿ, ಮರಾಠಿ ಹಿಂದಿಯಲ್ಲೇ ಆಡಿ ಬೆಳೆದ ನಮ್ಮ ಮಕ್ಕಳಿಗೆ ವಿಜಯನಗರ ಎಂದರೆ ಐವತ್ತು ರೂಪಾಯಿ ನೋಟಿನ ಹಿಂದಿರುವ ಕಲ್ಲಿನ ರಥ, ಅಷ್ಟೇ. ಆ ರಥದ ಎದುರು ನಿಂತು ನೋಡಲಿ.

ಆದರೆ ನಮಗೆ ರಜೆ ಸಿಗುವುದು ಮೇ ತಿಂಗಳಲ್ಲಿ. ಹಂಪಿ ನೋಡಲು ಅದಕ್ಕಿಂತ ಕೆಟ್ಟ ತಿಂಗಳು ಇನ್ನೊಂದಿಲ್ಲ. ದೀಪಾವಳಿ ರಜೆ ಮುಗಿಯುವ ಹೊತ್ತಿನಿಂದ ಫೆಬ್ರವರಿಯವರೆಗೆ ಹೋಗುವವರು ಪುಣ್ಯವಂತರು. ಮೇ ಬಿಟ್ಟರೆ ಬೇರೆ ದಾರಿಯಿಲ್ಲ ಎನ್ನುವವರಿಗಾಗಿ, ಮನೆಯಲ್ಲಿ ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಹದಿನೆಂಟು ವರ್ಷ ನಿಂತವಳು. ಮತ್ತೆ, ಹಂಪಿಯಲ್ಲಿ ಒಂದು ತಪ್ಪು ಮಾಡಿ ಕಲಿತವಳು.

ಮೊದಲು ಆ ತಪ್ಪನ್ನೇ ಹೇಳುತ್ತೇನೆ.

ನಾವು ಹೋದದ್ದು ಮೇ ಎರಡನೇ ವಾರ. ಜೊತೆಗೆ ನಮ್ಮ ಅತ್ತೆ. ಆಗ ಅವರಿಗೆ ಅರವತ್ತಾರು, ಸಕ್ಕರೆ ಕಾಯಿಲೆಯೂ ಇದೆ, ಬಿಪಿಯೂ ಇದೆ. ಬೆಳಗ್ಗೆ ಲಾಡ್ಜಿನಲ್ಲಿ ಮಾತ್ರೆ ನುಂಗಿದರು. "ಮೊದಲು ವಿರೂಪಾಕ್ಷನ ದರ್ಶನ, ಆಮೇಲೆ ತಿಂಡಿ" ಎಂದು ಹಟ ಹಿಡಿದರು. ಹಿರಿಯರ ಮಾತು, ನಾವೂ ಬಿಟ್ಟೆವು. ದರ್ಶನ ಮುಗಿಯುವಷ್ಟರಲ್ಲಿ ಹೊತ್ತು ಏರಿತ್ತು, ಅಲ್ಲಿಂದ ಸೀದಾ ವಿಠ್ಠಲ ದೇವಸ್ಥಾನಕ್ಕೆ ಹೋದೆವು. ಅಲ್ಲಿ ನಡೆಯುತ್ತಾ ಅತ್ತೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಮುಂಬಯಿಗಿಂತ ಇಲ್ಲೇ ವಾಸಿ ನೋಡವ್ವ. ಒಂದು ಹನಿ ಬೆವರಿಲ್ಲ." ನಮಗೂ ಹಾಗೇ ಅನಿಸಿತ್ತು. ಯಾರ ಬಟ್ಟೆಯೂ ಒದ್ದೆಯಾಗಿರಲಿಲ್ಲ. ಹನ್ನೊಂದೂವರೆಯ ಹೊತ್ತಿಗೆ ಅವರು ಮೊಮ್ಮಗಳನ್ನು ತಮ್ಮ ತಂಗಿಯ ಹೆಸರು ಹಿಡಿದು ಕರೆದರು. ನಾವು ನಕ್ಕೆವು. ಐದು ನಿಮಿಷ ಕಳೆದು ಮತ್ತೆ ಹಾಗೇ ಕರೆದರು, ಕಾಲು ತೊಡರಿತು. ಹತ್ತಿರದಲ್ಲಿದ್ದ, ಆ ಕಡೆಯವರೇ ಆದ ಒಬ್ಬ ಹೆಂಗಸು ಓಡಿ ಬಂದು, "ನಗ್ತೀರಲ್ರೀ, ಅವರಿಗೆ ಬಿಸಿಲು ಹತ್ತೈತಿ" ಎಂದು ಅತ್ತೆಯನ್ನು ಮಂಟಪದ ನೆರಳಿಗೆ ಎಳೆದುಕೊಂಡು ಹೋಗಿ, ತನ್ನ ಬಾಟಲಿಯ ನೀರನ್ನು ತಲೆ ಕತ್ತಿನ ಮೇಲೆ ಸುರಿದು ಸೆರಗಿನಿಂದ ಗಾಳಿ ಹಾಕಿದರು. ಹೊಸಪೇಟೆಯ ಡಾಕ್ಟರು ಹೇಳಿದ್ದು ಇಷ್ಟು: ಮೈಯಲ್ಲಿ ನೀರು ಕಡಿಮೆಯಾಗಿದೆ, ಸಕ್ಕರೆಯೂ ಇಳಿದಿದೆ, ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು. ಅತ್ತೆ ಈಗ ಚೆನ್ನಾಗಿದ್ದಾರೆ. ಆದರೆ ಆ ನಗುವನ್ನು ನೆನೆಸಿಕೊಂಡರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಾವು ಮೋಸ ಹೋದದ್ದು ಎಲ್ಲಿ ಗೊತ್ತೇ? ಬಿಸಿಲನ್ನು ಬೆವರಿನಿಂದ ಅಳೆದೆವು.

ಮುಂಬಯಿಯಲ್ಲಿ ಮೇ ತಿಂಗಳ ಮಧ್ಯಾಹ್ನ 33-34 ಡಿಗ್ರಿ ಇರುತ್ತದೆ. ಆದರೆ ಗಾಳಿಯಲ್ಲಿ ಸಮುದ್ರದ ತೇವ ತುಂಬಿಕೊಂಡಿರುವುದರಿಂದ ಬೆವರು ಆರುವುದಿಲ್ಲ. ಲೋಕಲ್‌ನಲ್ಲಿ ಅಂಧೇರಿಯಿಂದ ಜೋಗೇಶ್ವರಿ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ನೀರು ಹೋಗುತ್ತಿದೆ ಎಂದು ನಮಗೆ ತಾನಾಗಿಯೇ ತಿಳಿಯುತ್ತದೆ, ಬಾಟಲಿ ಎತ್ತುತ್ತೇವೆ. ಹೊಸಪೇಟೆ, ಬಳ್ಳಾರಿ ಕಡೆ ಏಪ್ರಿಲ್-ಮೇಯಲ್ಲಿ 40 ಡಿಗ್ರಿಯ ಆಸುಪಾಸು, ಗಾಳಿ ಒಣ. ಅಲ್ಲಿಯೂ ಬೆವರು ಬರುತ್ತದೆ, ಬಂದ ಕ್ಷಣವೇ ಆರಿಹೋಗುತ್ತದೆ. ಬಿಸಿಲಿನಲ್ಲಿ ನಡೆಯುವವರ ಮೈಯಿಂದ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಹೋದರೂ ಬಟ್ಟೆ ಒಣಗಿಯೇ ಇರುತ್ತದೆ. ಕೈ ಸವರಿಕೊಂಡಾಗ ಉಪ್ಪು ಪುಡಿಪುಡಿಯಾಗಿ ಸಿಕ್ಕರೆ ಅದೇ ಗುರುತು.

ಇನ್ನೊಂದು ಮೋಸ ಕಲ್ಲಿನದು. ನಮ್ಮ ಜೋಗೇಶ್ವರಿ ಗುಹೆಗೆ ಹೋಗಿದ್ದೀರಲ್ಲ? ಸುಮಾರು ಒಂದೂವರೆ ಸಾವಿರ ವರ್ಷ ಹಳೆಯ ಆ ಗುಹೆಯ ಮೆಟ್ಟಿಲಿಳಿದು ಒಳಗೆ ಹೋದರೆ ಹೊರಗೆ ಎಂಥ ಬಿಸಿಲಿದ್ದರೂ ತಂಪು. ನಮ್ಮ ಮಕ್ಕಳಿಗೆ ಕಲ್ಲಿನ ಗುಡಿ ಎಂದರೆ ತಂಪು ಎಂಬ ಅಭ್ಯಾಸ. ಹಂಪಿಯಲ್ಲಿ ಕಲ್ಲು ಎಂದರೆ ಒಲೆ. ಎಲ್ಲಿ ನೋಡಿದರೂ ಬೋಳು ಬಂಡೆ. ಬೆಳಗ್ಗೆಯಿಂದ ಕಾದ ಬಂಡೆ ಮಧ್ಯಾಹ್ನ ಮೇಲಿನ ಬಿಸಿಲಿನ ಜೊತೆಗೆ ಕೆಳಗಿನಿಂದಲೂ ಸುಡುತ್ತದೆ, ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಕಾವು ಬಿಡುತ್ತಿರುತ್ತದೆ. ಛತ್ರಿ ಮೇಲಿನ ಬಿಸಿಲನ್ನು ಮಾತ್ರ ತಡೆಯುತ್ತದೆ. ಆದರೂ ತಪ್ಪದೇ ಒಯ್ಯಿರಿ. ಜೂನ್‌ಗೆಂದು ಎತ್ತಿಟ್ಟ ಮಳೆಗಾಲದ ಛತ್ರಿಯೇ ಸಾಕು.

ಊರು ಎಷ್ಟು ದೊಡ್ಡದು ಎಂಬ ಅಂದಾಜೂ ಬೇಕು. ಇದು ಒಂದು ದೇವಸ್ಥಾನವಲ್ಲ, ಒಂದು ರಾಜಧಾನಿ. 1336ರಲ್ಲಿ ಶುರುವಾಯಿತು ಎನ್ನುತ್ತಾರೆ. 1565ರ ಯುದ್ಧದ ನಂತರ ಹಾಳಾಯಿತು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದನ್ನು ರೋಮ್ ನಗರದಷ್ಟು ದೊಡ್ಡದು ಎಂದು ಬರೆದಿಟ್ಟಿದ್ದಾನೆ. 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವೇ ನಾಲ್ಕು ಸಾವಿರ ಹೆಕ್ಟೇರ್ ದಾಟುತ್ತದೆ. "ಬೆಳಗ್ಗೆ ಹೋಗಿ ಸಂಜೆ ವಾಪಸ್" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದೇ ದಿನದಲ್ಲಿ ಎಲ್ಲ ಮುಗಿಸಲು ಹೊರಟವರೇ ಮಧ್ಯಾಹ್ನ ಹನ್ನೆರಡಕ್ಕೆ ಬಯಲಿನಲ್ಲಿ ಸಿಕ್ಕಿಕೊಳ್ಳುವುದು. ಎರಡು ದಿನ ಇಡಿ, ಎರಡು ದಿನವೂ ನಡುಹಗಲನ್ನು ಬಿಟ್ಟುಬಿಡಿ.

ನಾವು ಎರಡನೇ ಸಲ ಹೋದಾಗ ಹೀಗೆ ಮಾಡಿದೆವು. ಮೊದಲ ದಿನ ಬೆಳಕು ಹರಿಯುವಾಗಲೇ ಎದ್ದು, ಇಡ್ಲಿ ತಿಂದು (ಹೌದು, ತಿಂದು, ದೇವರು ಕೋಪಿಸಿಕೊಳ್ಳಲಿಲ್ಲ), ವಿರೂಪಾಕ್ಷ ದೇವಸ್ಥಾನ. ಗೋಪುರದ ನೆರಳು ಒಳಗಿನ ಕತ್ತಲ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಮಕ್ಕಳಿಗೆ ತೋರಿಸಿದೆವು. ಸಣ್ಣ ಕಿಂಡಿಯಿಂದ ಬೆಳಕು ಬಂದು ಆಗುವ ಚಮತ್ಕಾರ ಅದು. ಪಕ್ಕದ ಹೇಮಕೂಟದ ಮೇಲೆ ಸ್ವಲ್ಪ ಅಡ್ಡಾಡಿ, ಕಡಲೆಕಾಳು ಗಣಪತಿ, ಸಾಸಿವೆಕಾಳು ಗಣಪತಿ ನೋಡುವಷ್ಟರಲ್ಲಿ ಒಂಬತ್ತೂವರೆ. ಅಲ್ಲಿಗೆ ಬಯಲು ಬಂದ್. ಹತ್ತರ ನಂತರ ಕಮಲಾಪುರದ ವಸ್ತುಸಂಗ್ರಹಾಲಯ. ಅಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಅದನ್ನು ನೋಡಿದರೆ ಯಾವುದು ಎಲ್ಲಿದೆ ಎಂದು ಮಕ್ಕಳಿಗೆ ತಲೆಗೆ ಹೋಗುತ್ತದೆ. ಶುಕ್ರವಾರ ಅದು ಮುಚ್ಚಿರುತ್ತದೆ, ನೆನಪಿಡಿ. ಊಟ, ನಿದ್ದೆ. ನಾಲ್ಕು ಗಂಟೆಯ ಮೇಲೆ ಕಮಲ ಮಹಲ್, ಆನೆ ಲಾಯ, ಹಜಾರ ರಾಮ, ಮಹಾನವಮಿ ದಿಬ್ಬ. ಎರಡನೇ ದಿನ ಬಾಗಿಲು ತೆರೆಯುವ ಹೊತ್ತಿಗೇ ವಿಠ್ಠಲ ದೇವಸ್ಥಾನ. ವಾಹನ ನಿಲ್ಲಿಸುವ ಜಾಗದಿಂದ ದೇವಸ್ಥಾನದವರೆಗೆ ಬ್ಯಾಟರಿ ಗಾಡಿ ಓಡುತ್ತದೆ. ಸಾಲು ಉದ್ದವಿದೆ ಎಂದು ಹಿರಿಯರನ್ನು ನಡೆಸಿಕೊಂಡು ಹೋಗಬೇಡಿ. ಸಾಲಿನಲ್ಲಿ ನೀವು ನಿಲ್ಲಿ, ಅವರನ್ನು ನೆರಳಿನಲ್ಲಿ ಕೂರಿಸಿ.

ಮಂಟಪ ಕಂಡಲ್ಲಿ ಕುಳಿತುಕೊಳ್ಳಿ. ದಾರಿಯುದ್ದಕ್ಕೂ ಅಷ್ಟು ಕಂಬದ ಮಂಟಪಗಳಿವೆಯಲ್ಲ, ಆ ಬಿಸಿಲಿನಲ್ಲಿ ಬದುಕಿದ ಜನಕ್ಕೆ ನೆರಳಿನ ಬೆಲೆ ಗೊತ್ತಿತ್ತು. ನೀರಿನ ಬೆಲೆಯೂ ಗೊತ್ತಿತ್ತು. ಮಹಾನವಮಿ ದಿಬ್ಬದ ಹತ್ತಿರ ಕಲ್ಲಿನ ಕಂಬಗಳ ಮೇಲೆ ಹಾದುಹೋಗುವ ಕಲ್ಲಿನ ದೋಣಿಯಂಥ ಕಾಲುವೆ, ಮೆಟ್ಟಿಲುಗಳ ಪುಷ್ಕರಣಿ ನೋಡದೆ ಬರಬೇಡಿ. ಆ ಪುಷ್ಕರಣಿ ಮಣ್ಣಿನಡಿ ಮುಚ್ಚಿಹೋಗಿತ್ತು, 1980ರ ದಶಕದ ಉತ್ಖನನದಲ್ಲಿ ಹೊರಬಂತು. ವಿಜಯನಗರದ ಕಾಲದ ತುರ್ತು ಕಾಲುವೆಯಲ್ಲಿ ಇವತ್ತಿಗೂ ನೀರು ಹರಿದು ಅಲ್ಲಿನ ಬಾಳೆ ತೋಟಗಳಿಗೆ ಹೋಗುತ್ತಿದೆ.

ಇನ್ನು ಮಾತ್ರೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನಿಮ್ಮ ತಂದೆ ತಾಯಿಯ ಬಿಪಿ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ. ಹೆಸರಿನ ಕೊನೆಯಲ್ಲಿ "ಎಚ್" ಎಂಬ ಅಕ್ಷರವಿದ್ದರೆ, ಅಥವಾ ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್ ಎಂದು ಬರೆದಿದ್ದರೆ, ಅದರಲ್ಲಿ ಸಾಮಾನ್ಯವಾಗಿ ಮೂತ್ರದ ಮೂಲಕ ನೀರು ಹೊರಹಾಕುವ ಔಷಧಿ ಸೇರಿರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಕೂಡ ಮೂತ್ರ ಹೆಚ್ಚಿಸುತ್ತವೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ತೆಗೆದುಕೊಂಡು ತಿಂಡಿ ಬಿಟ್ಟರೆ ಸಕ್ಕರೆ ಇಳಿಯುತ್ತದೆ. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ! ಅಂಗಡಿಯವಳು ಹೇಳಿದಳು ಎಂದು ನಿಲ್ಲಿಸಿ ಬಿಪಿ ಏರಿಸಿಕೊಂಡರೆ ಅದು ಇನ್ನೊಂದು ತಾಪತ್ರಯ. ಹೊರಡುವ ವಾರ ಮೊದಲು ನಿಮ್ಮ ಡಾಕ್ಟರ ಬಳಿ ಹೋಗಿ, "ಮೂರು ದಿನ 40 ಡಿಗ್ರಿ ಬಿಸಿಲಿನಲ್ಲಿ ನಡೆಯುತ್ತೇವೆ, ಈ ಮಾತ್ರೆ ಹೀಗೇ ಇರಲೋ, ಹೊತ್ತು ಬದಲಿಸಲೋ?" ಎಂದು ಕೇಳಿ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ದಿನಕ್ಕೆ ಎಷ್ಟು ನೀರು ಕುಡಿಯಬಹುದು ಎಂದೂ ಕೇಳಿಕೊಳ್ಳಿ, ಏಕೆಂದರೆ ಅವರಿಗೆ ಹೆಚ್ಚು ನೀರೂ ಕಷ್ಟ.

ಮಾತ್ರೆಗಳನ್ನು ಚೀಲದಲ್ಲಿಟ್ಟು ಕಾರಿನಲ್ಲಿ ಬಿಡಬೇಡಿ. ನಿಲ್ಲಿಸಿದ ಕಾರು ಸ್ವಲ್ಪ ಹೊತ್ತಿನಲ್ಲೇ ಕುಲುಮೆಯಾಗುತ್ತದೆ. ಇನ್ಸುಲಿನ್ ಇದ್ದರೆ ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಮಡಕೆಯಲ್ಲಿ ಇಟ್ಟುಕೊಳ್ಳಬಹುದು, ಬಾಟಲಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಚೀಲದೊಳಗೆ ಇಡಿ. ಐಸಿಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.

ನೀರು ಎಷ್ಟು ಕುಡಿಯಬೇಕು? ಬಾಯಾರಿಕೆಗೆ ಕಾಯಬೇಡಿ. ವಯಸ್ಸಾದವರಿಗೆ ಬಾಯಾರಿಕೆಯೇ ತಡವಾಗಿ ತಿಳಿಯುತ್ತದೆ. ನಡೆಯುವಾಗ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಒಂದು ಲೋಟ. ನಾನು ಮಗಳ ಫೋನಿನಲ್ಲಿ ಅಲಾರಾಂ ಇಟ್ಟಿದ್ದೆ, ಅಜ್ಜಿಗೆ ನೀರು ಕುಡಿಸುವುದು ಅವಳ ಕೆಲಸ. ಮಕ್ಕಳಿಗೆ ಇಂಥ ಅಧಿಕಾರ ಕೊಟ್ಟರೆ ಯಾರನ್ನೂ ಬಿಡುವುದಿಲ್ಲ. ದಿನಕ್ಕೆ ಒಂದೆರಡು ಸಲ ಮಜ್ಜಿಗೆ, ಎಳನೀರು ಅಥವಾ ಓಆರ್‌ಎಸ್ ಇರಲಿ. ಓಆರ್‌ಎಸ್ ಎಂದರೆ ಪುಡಿಯ ಪೊಟ್ಟಣ, ಒಂದು ಲೀಟರ್ ನೀರಿಗೆ ಕಲಸುವ ದೊಡ್ಡದು, ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುತ್ತದೆ. ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯ ಅದಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಬಿಪಿ ಇರುವವರು ದಿನವಿಡೀ ಇದನ್ನೇ ಕುಡಿಯಬೇಡಿ, ಅದರಲ್ಲಿ ಉಪ್ಪಿದೆ.

ಈಗ ಹೆಂಗಸರ ಜೊತೆ ಒಂದು ಮಾತು. ನಮ್ಮವರು ಪ್ರವಾಸದಲ್ಲಿ ನೀರು ಕುಡಿಯದಿರುವುದು ಮರೆತು ಅಲ್ಲ. ಶೌಚಾಲಯ ಎಲ್ಲಿದೆಯೋ, ಹೇಗಿದೆಯೋ ಎಂಬ ಹೆದರಿಕೆಗೆ. ಅಂಗಡಿಗೆ ಬರುವ ಎಷ್ಟೋ ಅಕ್ಕಂದಿರು ಊರಿಂದ ಬಂದ ಮೇಲೆ ಉರಿಮೂತ್ರದ ಔಷಧಿ ಕೇಳುತ್ತಾರೆ, ಕಾರಣ ಇದೇ. ಹಂಪಿಯಲ್ಲಿ ಟಿಕೆಟ್ ಕೊಡುವ ಜಾಗಗಳ ಹತ್ತಿರ ಶೌಚಾಲಯಗಳಿವೆ. ಬಯಲಿಗೆ ಇಳಿಯುವ ಮೊದಲು ಮತ್ತು ಬಂದ ಮೇಲೆ ಎಲ್ಲರೂ ಹೋಗಿಬನ್ನಿ. ಅಜ್ಜಿ ಬೇಡ ಎಂದರೂ ನೀವು ಜೊತೆಗೆ ಹೋಗಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಕಡು ಹಳದಿಯಾಗಿ ಅಥವಾ ನಾಲ್ಕೈದು ಗಂಟೆ ಬಾರದೇ ಇದ್ದರೆ ನೀರು ಸಾಲುತ್ತಿಲ್ಲ. ಗಂಡಸರೇ, ಗಾಡಿ ನಿಲ್ಲಿಸಿ ಎಂದರೆ ಗೊಣಗಬೇಡಿ.

ಪಾದದ ಬಗ್ಗೆಯೂ ಹೇಳಬೇಕು. ಪೂಜೆ ನಡೆಯುವ ಗುಡಿಯಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಕಾದ ಕಲ್ಲಿನ ಅಂಗಳದಲ್ಲಿ ನಮಗಾದರೆ ಸುಟ್ಟು ಓಡುತ್ತೇವೆ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರ ಅಂಗಾಲಿಗೆ ಸ್ಪರ್ಶ ಕಡಿಮೆಯಾಗಿರುತ್ತದೆ. ಸುಡುವುದೇ ತಿಳಿಯದೆ ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತಾರೆ, ರಾತ್ರಿ ನೋಡಿದರೆ ಬೊಬ್ಬೆ. ಅದು ಹುಣ್ಣಾದರೆ ವಾರಗಟ್ಟಲೆ ಮಾಯುವುದಿಲ್ಲ. ಅಂಥವರಿಗೆ ದಪ್ಪ ಹತ್ತಿಯ ಕಾಲುಚೀಲ ಹಾಕಿಸಿ, ಬೆಳಗ್ಗೆಯೇ ದರ್ಶನ ಮಾಡಿಸಿ. ರಾತ್ರಿ ಮಲಗುವ ಮೊದಲು ಅವರ ಅಂಗಾಲನ್ನು ದೀಪದಲ್ಲಿ ನೀವೇ ನೋಡಿ.

ಯಾರಿಗಾದರೂ ತಲೆನೋವು, ವಾಕರಿಕೆ, ಕಾಲು ಹಿಡಿತ, ಸುಸ್ತು ಶುರುವಾದರೆ ಅದು ಮೊದಲ ಮೆಟ್ಟಿಲು. ನೆರಳು, ನೀರು, ವಿಶ್ರಾಂತಿ. ಆ ದಿನದ ಸುತ್ತಾಟ ಅಲ್ಲಿಗೆ ಮುಗಿಯಿತು. ಮಾತು ತಪ್ಪುವುದು, ಹೆಸರು ಮರೆಯುವುದು, ತೂರಾಡುವುದು, ಸಿಡಿಮಿಡಿ, ಮೈ ಕೆಂಡದಂತೆ ಕಾಯುವುದು ಇದ್ದರೆ ಅದು ಬಿಸಿಲಾಘಾತ. ಬೆವರು ಇದ್ದರೂ ಆಗಬಹುದು, ಇಲ್ಲದಿದ್ದರೂ ಆಗಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ, ಕರ್ನಾಟಕದಲ್ಲೂ ಅದೇ ನಂಬರ್. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಹಾಕುತ್ತಲೇ ಇರಿ. ತಣ್ಣನೆಯ ಬಾಟಲಿ ಸಿಕ್ಕರೆ ಕತ್ತು, ಕಂಕುಳು, ತೊಡೆಸಂದಿಗೆ ಇಡಿ. ಜ್ವರದ ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋದೀತು. ಸಕ್ಕರೆ ಕಾಯಿಲೆಯವರು ಎಚ್ಚರವಿದ್ದು ನುಂಗಬಲ್ಲರಾದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕೊಡಿ; ಇಳಿದ ಸಕ್ಕರೆಗೂ ಬಿಸಿಲಿಗೂ ಮೇಲ್ನೋಟಕ್ಕೆ ವ್ಯತ್ಯಾಸ ಹೇಳುವುದು ಕಷ್ಟ. ಆಸ್ಪತ್ರೆಗೆ ಹೊಸಪೇಟೆಗೇ ಹೋಗಿ. ಸುಮಾರು 13 ಕಿಲೋಮೀಟರ್, 2021ರಿಂದ ಅದು ವಿಜಯನಗರ ಜಿಲ್ಲೆಯ ಕೇಂದ್ರ.

ಮಂಗಗಳು ಬಹಳ. ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ತೂಗಿಸಿಕೊಂಡು ಹೋಗಬೇಡಿ. ಕಸಿದುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ ಮೆತ್ತಬೇಡಿ. ಅದೇ ದಿನ ರೇಬೀಸ್ ಚುಚ್ಚುಮದ್ದು ಶುರುವಾಗಬೇಕು. "ಮುಂಬಯಿಗೆ ಹೋದ ಮೇಲೆ ನೋಡೋಣ" ಎನ್ನಬೇಡಿ. ಮೊದಲನೆಯದು ಅಲ್ಲೇ ಹಾಕಿಸಿ, ಚೀಟಿ ಜೋಪಾನವಾಗಿ ತನ್ನಿ. ಉಳಿದವನ್ನು ಇಲ್ಲಿನ ಪಾಲಿಕೆ ಆಸ್ಪತ್ರೆಯಲ್ಲಿ ಮುಂದುವರಿಸಬಹುದು.

ತುಂಗಭದ್ರೆ ಮೇಲಿನಿಂದ ಶಾಂತವಾಗಿ ಕಾಣುತ್ತಾಳೆ. ಒಳಗೆ ಬಂಡೆ, ಸುಳಿ, ಮೊಸಳೆಯೂ ಇದೆ. ಇಲ್ಲಿ ಜುಹು ಬೀಚಿನಲ್ಲಿ ಆಡಿದ ಹಾಗೆ ಮಕ್ಕಳನ್ನು ನೀರಿಗೆ ಬಿಡಬೇಡಿ. ಹರಿಗೋಲು ಹತ್ತಿದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಇಲ್ಲವೆಂದರೆ ಹತ್ತಬೇಡಿ. ಆಚೆ ದಡದ ಅಂಜನಾದ್ರಿಗೆ 575 ಮೆಟ್ಟಿಲು. ಮಂಡಿ ನೋವು, ಎದೆಯ ತೊಂದರೆ ಇರುವ ಹಿರಿಯರು ಕೆಳಗಿನಿಂದಲೇ ಕೈ ಮುಗಿಯಲಿ. ಉಳಿದವರು ಸೂರ್ಯ ಏರುವ ಮೊದಲು ಹತ್ತಿ ಇಳಿಯಿರಿ.

ಊಟಕ್ಕೆ ಹೆಚ್ಚು ಹೇಳಬೇಕಿಲ್ಲ. ಬಿಸಿ ಇರುವುದು, ಎದುರಿಗೇ ಮಾಡಿದ್ದು ತಿನ್ನಿ. ಹೊಸಪೇಟೆಯ ಮಿರ್ಚಿ ಮಂಡಕ್ಕಿ ಬಿಡಿ ಎಂದು ನಾನು ಹೇಳಿದರೂ ನೀವು ಕೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಅದನ್ನು ಸಂಜೆಗೆ ಇಟ್ಟುಕೊಳ್ಳಿ, ಬಿಸಿಲಿಗೆ ಇಳಿಯುವ ಮೊದಲು ಬೇಡ.

ಹೊರಡುವ ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಹಿರಿಯರ ಹೆಸರು, ಕಾಯಿಲೆ, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ನಿಮ್ಮ ಫೋನ್ ನಂಬರ್ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅವರ ಜೇಬಿನಲ್ಲಿ ಅಥವಾ ಪರ್ಸಿನಲ್ಲಿ ಇಡಿ. ನಮ್ಮ ಅತ್ತೆಯನ್ನು ನೋಡಿದ ಡಾಕ್ಟರು ಮೊದಲು ಕೇಳಿದ್ದು "ಬೆಳಗ್ಗೆ ಯಾವ ಮಾತ್ರೆ ಕೊಟ್ಟಿರಿ?" ಎಂದು. ಔಷಧಿ ಅಂಗಡಿಯಲ್ಲಿ ಕೂರುವ ನನಗೆ ಆ ಗಾಬರಿಯಲ್ಲಿ ಹೆಸರು ಬಾಯಿಗೆ ಬರಲಿಲ್ಲ. ಪಟ್ಟಿ ಲಾಡ್ಜಿನ ಚೀಲದಲ್ಲಿತ್ತು.

ಈ ರಜೆಯಲ್ಲಿ ಹಿರಿಯರನ್ನು ಕರೆದುಕೊಂಡು ಊರಿಗೆ ಹೊರಟವರು ನಿಮ್ಮ ಬಿಲ್ಡಿಂಗ್‌ನಲ್ಲಿ ಇದ್ದರೆ ಅವರಿಗೆ ಇದನ್ನು ಕಳಿಸಿ.